ಕನಸಿಗೂ ಒಂದು ಕೊಳಗ

ಗೋವಾದ ವಾಸ್ಕೋದಲ್ಲಿರುವ ನನ್ನ ಅಕ್ಕನ ಮಗಳಿಗೆ ಹದಿನಾರು. ಮುಂದೆ ಏನಾಗ್ತೀಯೇ ಅಂದರೆ, ‘ಜನರಿಗೆ ಸಹಾಯ ಮಾಡ್ತೀನಿ ಮಾಮಾ’ ಅನ್ನುತ್ತಾಳೆ. ಯಾವ ಜನ, ಎಂಥ ಸಹಾಯ ಅಂತ ಕೆದಕಿದರೆ ಗೋಡೆಯ ಮೇಲಿನ ಅಬ್ದುಲ್ ಕಲಾಂ ಚಿತ್ರದ ಕಡೆ ಕೈ ತೋರಿಸುತ್ತಾಳೆ. ತಪ್ಪೇನಿಲ್ಲ. ಆದರೆ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನುವುದನ್ನು ಚಿತ್ರ ಹೇಳುವುದಿಲ್ಲವಲ್ಲ. ಹಾಗಾದರೆ ನಾವು ಮೆಚ್ಚಿದ ನಾಯಕ ನಮಗೆ ನಿಜಕ್ಕೂ ಕೊಡುವುದೇನು?

ಈ ಪ್ರಶ್ನೆ ಕೇಳಲು ಗೋವಾ ಒಳ್ಳೆಯ ಜಾಗ. 1946ರ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿನ ಅಸೊಳ್ಣಾಕ್ಕೆ ಬಂದದ್ದು ಸುಧಾರಿಸಿಕೊಳ್ಳಲು. ಬ್ರಿಟಿಷರ ಜೈಲು ದೇಹವನ್ನು ಹಣ್ಣು ಮಾಡಿತ್ತು. ಕರೆಸಿಕೊಂಡವರು ಬರ್ಲಿನ್ನಿನಲ್ಲಿ ಓದುವಾಗಿನ ಗೆಳೆಯ ಡಾ. ಜುಲಿಯಾವ್ ಮೆನೆಜಿಸ್. ಆಗ ಪೋರ್ಚುಗೀಸ್ ಗೋವಾದಲ್ಲಿ ಸಭೆ ಹಾಗಿರಲಿ, ಮದುವೆಯ ಕರೆಯೋಲೆ ಅಚ್ಚು ಹಾಕಿಸಲೂ ಸೆನ್ಸಾರಿನ ಒಪ್ಪಿಗೆ ಬೇಕಿತ್ತು. ಜೂನ್ 18ರಂದು, ಮಳೆಗಾಲದ ನಡುವೆ, ಇಬ್ಬರೂ ಮಡಗಾಂವಿನ ಮೈದಾನದಲ್ಲಿ ನಿಂತರು. ಆಡಳಿತಾಧಿಕಾರಿ ಮಿರಾಂಡಾ ಪಿಸ್ತೂಲು ತೆಗೆದ. ಲೋಹಿಯಾ ಅವನ ಕೈಯನ್ನು ಪಕ್ಕಕ್ಕೆ ಸರಿಸಿದರು. ಇಬ್ಬರನ್ನೂ ಬಂಧಿಸಿದರು, ಲೋಹಿಯಾರನ್ನು ಆಮೇಲೆ ಗಡಿ ದಾಟಿಸಿದರು.

ಪಿಸ್ತೂಲಿನ ಕಥೆಯೇ ಎಲ್ಲರ ಬಾಯಲ್ಲಿರುವುದು. ನನಗೆ ಮುಖ್ಯ ಅನ್ನಿಸುವುದು ಬೇರೆ. ಲೋಹಿಯಾ ‘ಸ್ವಾತಂತ್ರ್ಯ’ ಅನ್ನುವ ದೊಡ್ಡ ಮಾತನ್ನು ಸಭೆ ಸೇರುವ ಹಕ್ಕು ಅನ್ನುವ ಅಳತೆಗೆ ಇಳಿಸಿದರು. ಅಷ್ಟು ಸಣ್ಣದಾದರೆ ಹತ್ತೊಂಬತ್ತರ ಹುಡುಗನೂ ಎತ್ತಿಕೊಳ್ಳಬಲ್ಲ. ನಾಯಕ ಹೊರಟುಹೋದ, ಕೆಲಸ ನಿಲ್ಲಲಿಲ್ಲ. ಗೋವಾದವರು ಒಬ್ಬರ ಹಿಂದೊಬ್ಬರು ಸತ್ಯಾಗ್ರಹ ಮಾಡಿ ಜೈಲು ಸೇರಿದರು. 1955ರ ನವೆಂಬರಿನಿಂದ ವಾಮನ ಸರ್ದೇಸಾಯಿ ಮತ್ತು ಲಿಬಿಯಾ ಲೋಬೊ ಸಹ್ಯಾದ್ರಿಯ ಕಾಡಿನಲ್ಲಿ ಅಡಗಿ ಆರು ವರ್ಷ ಗುಪ್ತ ರೇಡಿಯೋ ನಡೆಸಿದರು. ನಮ್ಮ ಕ್ಯಾಸಲ್‌ರಾಕ್ ಕಾಡೂ ಅವರಿಗೆ ಆಸರೆಯಾಗಿತ್ತು. ಅಲ್ಲಿ ಹಾರ ಹಾಕುವವರು ಯಾರೂ ಇರಲಿಲ್ಲ.

ಇದೇ ಲೋಹಿಯಾ 1951ರಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆಂದು ಸಾಗರದ ಕಾಗೋಡಿಗೂ ಬಂದು ಬಂಧನಕ್ಕೊಳಗಾದರು. ಅಲ್ಲಿ ಕ್ರಮ ತಲೆಕೆಳಗು: ಕಿಡಿ ಮೊದಲೇ ಹೊತ್ತಿತ್ತು. ಗೇಣಿ ಭತ್ತ ಅಳೆಯುವ ಒಡೆಯರ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು ಅನ್ನುವುದನ್ನು ಎಚ್. ಗಣಪತಿಯಪ್ಪ ಮತ್ತು ಊರಿನ ಗೇಣಿದಾರರು ಗುರುತಿಸಿದ್ದರು. ವರ್ಷವೆಲ್ಲ ದುಡಿದವನ ಕಣ್ಣೆದುರೇ, ಕೊಳಗ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಆ ಹೋರಾಟದ ಮುಂದಾಳು, ಸಮಾಜವಾದಿ ಶಾಂತವೇರಿ ಗೋಪಾಲಗೌಡರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮರುವರ್ಷವೇ ಶಾಸನಸಭೆಗೆ ಹೋದರು. ಗೌಡರಿಗೆ ಲೋಹಿಯಾ ಸಿದ್ಧಾಂತ ಕೊಟ್ಟಿರಬಹುದು, ಕೊಳಗ ಕೊಟ್ಟದ್ದು ಕಾಗೋಡು.

ಅಂದರೆ ಸ್ಫೂರ್ತಿ ಬರಿಗೈಗೆ ಹತ್ತುವುದಿಲ್ಲ. ಕಣ್ಣೆದುರಿನ ಒಂದು ಅನ್ಯಾಯವನ್ನು ನೋಡಿಟ್ಟುಕೊಂಡವನಿಗೆ ನಾಯಕನ ಧೈರ್ಯ ದಕ್ಕುತ್ತದೆ. ನೋಡದವನಿಗೆ ಅವನ ಜುಬ್ಬಾ, ಗಡ್ಡ, ಜಗಳಗಂಟತನ ಇಷ್ಟೇ ದಕ್ಕುತ್ತವೆ. (ಲೋಹಿಯಾವಾದಿಗಳಲ್ಲಿ ಈ ಎರಡನೇ ಬಗೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.) ಆದರ್ಶವೇ ಬೇಡ ಅನ್ನುವ ಜಾಣರ ಮಾತೂ ನನಗೆ ಒಪ್ಪಿಗೆಯಿಲ್ಲ. ಕೊಳಗ ದೊಡ್ಡದೆಂದು ಗೊತ್ತಿದ್ದೂ ಸುಮ್ಮನಿದ್ದವರು ಎಷ್ಟು ತಲೆಮಾರಿನವರೋ.

ಮೊನ್ನೆ ಅಕ್ಕನ ಮನೆಯ ಕೆಳಗೆ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹೆಂಗಸೊಬ್ಬಳು ಆಸ್ಪತ್ರೆಯ ಚೀಟಿ ಹಿಡಿದು ನಿಂತಿದ್ದಳು. ‘ಯವ್ವಾ, ಇದನ್ನ ಉಂಡ ಮ್ಯಾಲ ತಗೊಳ್ಳೂದೋ, ಉಣ್ಣೂಕಿಂತ ಮೊದಲೋ?’ ಹುಡುಗಿ ಓದಿ ಹೇಳಿದಳು. ಮಾತ್ರೆಯ ಪಟ್ಟಿಯ ಮೇಲೆ ಪೆನ್ನಿನಲ್ಲಿ ಸೂರ್ಯ, ಚಂದ್ರ, ತಟ್ಟೆ ಬರೆದುಕೊಟ್ಟಳು. ಮೆಟ್ಟಿಲು ಹತ್ತುವಾಗ ಕೇಳಿದಳು: ‘ಮಾಮಾ, ಈ ಚೀಟಿ ಇಂಗ್ಲಿಷಲ್ಲೇ ಯಾಕಿರ್ಬೇಕು?’