ಖಾಲಿ ಕುರ್ಚಿಯ ನಗರಸಭೆ

ನಗರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಓದಿದ್ದಾರೆ? ಓದಿದವರಿಗೆ ಅದು ಬಲು ನೀರಸವೆಂದು ತೋರಿರಬಹುದು. ಹಿಂದಿನ ಸಭೆಯ ನಡವಳಿ, ತಿಂಗಳ ಜಮಾಖರ್ಚು, ಇಂಥ ಓಣಿಗೆ ಚರಂಡಿ, ಇಂಥ ರಸ್ತೆಗೆ ದೀಪ, ಒಡೆದ ನೀರಿನ ಕೊಳವೆಯ ದುರಸ್ತಿ, ಮಳಿಗೆಗಳ ಹರಾಜು, ಸಂತೆ ಸುಂಕದ ಗುತ್ತಿಗೆ. ರಾಜಧಾನಿಯ ದೊಡ್ಡ ಪತ್ರಿಕೆಗಳು ಇದನ್ನು ಸುದ್ದಿಯೆಂದೇ ಎಣಿಸುವುದಿಲ್ಲ. ಆದರೆ ಗಿರಣಿಯ ರಾತ್ರಿ ಪಾಳಿ ಮುಗಿಸಿ ಕತ್ತಲೆಯ ಓಣಿಯಲ್ಲಿ ಮನೆಗೆ ನಡೆಯುವವನಿಗೆ ಆ ಒಂದು ದೀಪವೇ ದೊಡ್ಡ ಸುದ್ದಿ. ನಸುಕಿನಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಂತ ತಾಯಿಗೆ ಆ ಒಡೆದ ಕೊಳವೆಯೇ ರಾಜಕಾರಣ. ಬಡವನ ಪಾಲಿಗೆ ಸರಕಾರವೆಂದರೆ ಮೊದಲು ನಗರಸಭೆ. ಉಳಿದ ಸರಕಾರಗಳೆಲ್ಲ ಆಮೇಲೆ.

ಇಂಥ ಸಭೆಯೇ ಕೂಡದಿದ್ದರೆ ಏನಾಗುತ್ತದೆ? ಇದು ಕಲ್ಪನೆಯ ಪ್ರಶ್ನೆಯಲ್ಲ. ನಮ್ಮ ರಾಜ್ಯದಲ್ಲಿ 2018ರ ಆಗಸ್ಟ್ 31ರಂದು 105 ನಗರ ಸ್ಥಳೀಯ ಸಂಸ್ಥೆಗಳಿಗೆ ಮತದಾನ ನಡೆಯಿತು. ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು. ಗೆದ್ದವರಿಗೆ ಹಾರ ಬಿತ್ತು, ಪಟಾಕಿ ಸಿಡಿಯಿತು. ಅಷ್ಟೇ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿಯ ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಮಹಾನಗರಪಾಲಿಕೆಗಳ ಮಾತು ಬೇರೆ. ಬಹುಪಾಲು ನಗರಸಭೆ ಪುರಸಭೆಗಳಲ್ಲಿ ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಯ ಭಾಗದಲ್ಲಿ. ಜನ ಆರಿಸಿದ ಸದಸ್ಯರು ಎರಡು ವರ್ಷ ಬೀದಿಯಲ್ಲೇ ನಿಂತರು. ಆಡಳಿತಾಧಿಕಾರಿಗಳು ಕಡತಕ್ಕೆ ಸಹಿ ಹಾಕಿದರು.

ಆ ಎರಡು ವರ್ಷಗಳ ನಡುವೆಯೇ 2020ರ ಮಾರ್ಚಿನಲ್ಲಿ ಮಹಾಮಾರಿ ಬಂತು, ದೇಶಕ್ಕೆ ಬೀಗ ಬಿತ್ತು. ಯಾವ ಓಣಿಯಲ್ಲಿ ಯಾರಿಗೆ ಅಕ್ಕಿಯಿಲ್ಲ, ಸಂತೆಯನ್ನು ಎಲ್ಲಿಗೆ ಸ್ಥಳಾಂತರಿಸಬೇಕು, ತಳ್ಳುಗಾಡಿಯವನ ಹೊಟ್ಟೆಪಾಡೇನು ಎಂದು ಕೇಳಬೇಕಾದ ಸದಸ್ಯನಿಗೆ ಕೂಡಲು ಕುರ್ಚಿಯೇ ಇರಲಿಲ್ಲ. ಅಧಿಕಾರಿ ದುಷ್ಟನೆಂದು ನಾವು ಹೇಳುತ್ತಿಲ್ಲ. ಹಗಲಿರುಳು ದುಡಿದವರೂ ಇದ್ದಾರೆ. ಆದರೆ ಅಧಿಕಾರಿಗೆ ವರ್ಗವಾದರೆ ಊರು ಬದಲಾಯಿತು; ಸದಸ್ಯ ಅದೇ ಓಣಿಯಲ್ಲಿ ಉಳಿಯಬೇಕು, ಅದೇ ಜನರಿಗೆ ಮುಖ ತೋರಿಸಬೇಕು. ಪ್ರಜಾಪ್ರಭುತ್ವದ ಗುಟ್ಟು ಇಷ್ಟೇ.

ಇದರಿಂದ ಪಾಠ ಕಲಿತರೇ? ಅದೂ ಇಲ್ಲ. ಎರಡೂವರೆ ವರ್ಷದ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಮತ್ತೆ ಒಂದು ವರ್ಷಕ್ಕೂ ಮೇಲ್ಪಟ್ಟು ಅಧ್ಯಕ್ಷರ ಕುರ್ಚಿ ಖಾಲಿ. ಒಂದೇ ಪಾಠದಲ್ಲಿ ಎರಡು ಸಲ ನಪಾಸಾದ ಹುಡುಗನನ್ನು ನಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಸರಕಾರವನ್ನು ನಿಲ್ಲಿಸುವವರು ಯಾರು?

ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಮೀಸಲಾತಿಯ ತಪ್ಪೆಂದು ಹೇಳುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ದಲಿತರೂ ಹಿಂದುಳಿದವರೂ ಹೆಂಗಸರೂ ಅಧ್ಯಕ್ಷ ಪೀಠವೇರಲು ದಾರಿಯಾದದ್ದು ಮೀಸಲಾತಿಯಿಂದಲೇ. ತಪ್ಪು ಪಟ್ಟಿಯನ್ನು ತಡಮಾಡುವವರದು, ಸರದಿಯನ್ನು ತಮಗೆ ಬೇಕಾದಂತೆ ತಿರುಗಿಸಲು ನೋಡುವವರದು.

1992ರ 74ನೆಯ ತಿದ್ದುಪಡಿ ಸಂವಿಧಾನದಲ್ಲಿ ನಗರಸಭೆಗೆ ಸ್ಥಾನ ಕೊಟ್ಟಿತು. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು. ಸಭೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ಹೊಸ ಸಭೆ ಬರಬೇಕು. ನೀರು, ನೈರ್ಮಲ್ಯ, ಬೀದಿದೀಪ, ಕೊಳಚೆ ಪ್ರದೇಶದ ಸುಧಾರಣೆ ಸೇರಿದಂತೆ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದು ಲೋಹಿಯಾ ಬಹಳ ಹಿಂದೆಯೇ ಹೇಳಿದ್ದರು. ಕಾಗದದ ಮೇಲೆ ಕಂಬವೇನೋ ಎದ್ದಿದೆ. ಅದರ ಬುಡಕ್ಕೆ ಮಣ್ಣು ಹಾಕುವವರಿಲ್ಲ.

ಸಣ್ಣ ವ್ಯಾಪಾರಸ್ಥರೂ ಇದನ್ನು ಗಮನಿಸಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಂತೆ ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೇ ಸಲ್ಲಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಈ ಹಕ್ಕು ತಿಳಿಯದವರು ಬುಟ್ಟಿ ಎತ್ತಿಕೊಂಡು ಓಡುತ್ತಾರೆ. ತಿಳಿದವರು ಸಮಿತಿಯ ನಡವಳಿ ತೋರಿಸಿ ಎಂದು ಕೇಳುತ್ತಾರೆ. ಬೆಳಗಾಗುವ ಮೊದಲೇ ಅಂಗಡಿ ಸಾಲನ್ನು ಗುಡಿಸುವ ಪೌರಕಾರ್ಮಿಕರನ್ನು ನೋಡಿ. 2022ರ ಜುಲೈಯಲ್ಲಿ ಅವರು ಒಟ್ಟಾಗಿ ಪೊರಕೆ ಕೆಳಗಿಟ್ಟ ಮೇಲೆಯೇ ಸರಕಾರ ಖಾಯಂ ನೇಮಕಾತಿಯ ಮಾತಿಗೆ ಒಪ್ಪಿತು. ಕೇಳದೆ ಯಾರಿಗೂ ಏನೂ ದೊರೆತಿಲ್ಲ.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ನೀರು ನಿಂತ ದಿನ ಕಚೇರಿಯ ಮುಂದೆ ಖಾಲಿ ಕೊಡ ಇಡುತ್ತೇವೆ. ನೀರು ಬಂದ ದಿನ ಮರೆಯುತ್ತೇವೆ. ಕಂದಾಯ ಕಟ್ಟಿ ರಸೀತಿ ಪಡೆಯುತ್ತೇವೆ. ಆ ಹಣ ಎಲ್ಲಿ ಹೋಯಿತೆಂದು ಕೇಳುವುದಿಲ್ಲ.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಮತದಾನಕ್ಕೆ ಮೊದಲೇ ಪ್ರಕಟವಾಗಲಿ. ತಿಂಗಳ ಸಭೆ ಗೊತ್ತಾದ ದಿನ ತಪ್ಪದೆ ಕೂಡಲಿ. ಕಾರ್ಯಸೂಚಿಯನ್ನು ವಾರ ಮೊದಲೇ ತಿಳಿಗನ್ನಡದಲ್ಲಿ ಪ್ರತಿ ವಾರ್ಡಿನಲ್ಲೂ ಅಂಟಿಸಲಿ. ಮೂರು ಲಕ್ಷ ಜನಸಂಖ್ಯೆಯ ಊರಿಗೆ ವಾರ್ಡು ಸಮಿತಿ ಸಂವಿಧಾನವೇ ವಿಧಿಸಿದ್ದು. ಚಿಕ್ಕ ಊರುಗಳಲ್ಲೂ ಅದು ಬರಲಿ.

ಇವು ತಾವಾಗಿ ಬರುವುದಿಲ್ಲ. ಪಾಳಿ ಬಿಟ್ಟ ಹೊತ್ತಿನಲ್ಲಿ, ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ಓಣಿಯ ಹತ್ತು ಮಂದಿ ಸೇರಿರಿ. ನಿಮ್ಮ ಸದಸ್ಯರನ್ನು ಕರೆದು ಕಳೆದ ತಿಂಗಳ ನಡವಳಿಯನ್ನು ಓದಿಸಿರಿ. ಅವರು ತರದಿದ್ದರೆ 2005ರ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನೀವೇ ತನ್ನಿರಿ. ಆ ಕುರ್ಚಿ ನಿಮ್ಮದು. ಅದು ಖಾಲಿಯಿದ್ದರೆ ನಷ್ಟವೂ ನಿಮ್ಮದೇ.