ಬಿಯರ್ ಯಾರಿಗೆ, ಬೂಸಾ ಯಾರಿಗೆ?

ಭಾನುವಾರದ ಪುರವಣಿ ತೆರೆದರೆ ಸಾಕು, ಒಂದು ಜೋಡಿ ನಗುತ್ತಾ ನಿಂತಿರುತ್ತೆ. ಗಂಡನ ಕೈಯಲ್ಲಿ ನೊರೆಯುಕ್ಕುವ ಲೋಟ, ಹೆಂಡತಿಯ ಕೈಯಲ್ಲಿ ಬೆಣ್ಣೆ ಮಸಾಲೆ ದೋಸೆಯ ತಟ್ಟೆ. ಎರಡೇ ದಿನದಲ್ಲಿ ಬೆಂಗಳೂರನ್ನು ಸವಿಯಿರಿ ಅಂತ ಕೆಳಗೆ ಒಕ್ಕಣೆ. ಶನಿವಾರ ಬೆಳಿಗ್ಗೆ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ತಿಂಡಿ. ಮಧ್ಯಾಹ್ನ ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಕಾಲು ಸೂಪು. ಸಂಜೆ ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಅಲ್ಲೇ ಕಾಯಿಸಿ ಅಲ್ಲೇ ಹುಯ್ಯುವ ಬಿಯರ್. ಭಾನುವಾರ ಕೋಳಿ ಕೂಗೋ ಮೊದಲೇ ಎದ್ದು ಹೊಸಕೋಟೆಯಲ್ಲಿ ಬಿರಿಯಾನಿಗೆ ಸಾಲು. ರಾತ್ರಿ ವಿ.ವಿ.ಪುರದ ತಿಂಡಿ ಬೀದಿ. ಸೋಮವಾರ ಆಫೀಸು. ಇದಕ್ಕೆಲ್ಲ ಸೇರಿ ಇಟ್ಟಿರುವ ಹೆಸರು 'ಸ್ಥಳೀಯ ರುಚಿಯ ಶೋಧ.'

ನಮಗೆ ಈ ಜೋಡಿಯ ಮೇಲೆ ಸಿಟ್ಟಿಲ್ಲ. ಗಂಡ ಉಂಡ ಎಲೆಯಲ್ಲೇ ಹೆಂಡತಿ ಉಣ್ಣಬೇಕು ಅಂತ ವಿಧಿಸಿದ ದೇಶ ಇದು. ಇಲ್ಲಿ ಗಂಡ ಹೆಂಡಿರು ಒಂದೇ ಮೇಜಿಗೆ ಕೂತು ಸರಿಸಮನಾಗಿ ಉಂಡು ಕುಡಿಯುವುದು ಸಣ್ಣ ಮಾತಲ್ಲ. ಅದನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವ ಸಂಸ್ಕೃತಿ ರಕ್ಷಕರ ಜತೆ ನಾವಿಲ್ಲ. ನಮ್ಮ ಜಗಳ ಇರುವುದು 'ಸ್ಥಳೀಯ' ಅನ್ನುವ ಆ ಒಂದು ಮಾತಿನ ಜತೆ. ಯಾವ ಸ್ಥಳ ಸ್ವಾಮಿ? ಊರೋ, ಕೇರಿಯೋ?

ಬೋರ್ಡುಗಳನ್ನೇ ಓದಿ ನೋಡಿ. ಬ್ರಾಹ್ಮಣರ ಹೆಸರಲ್ಲಿ ಕಾಫಿ ಇದೆ, ಅಯ್ಯಂಗಾರರ ಹೆಸರಲ್ಲಿ ಬೇಕರಿ ಇದೆ, ಗೌಡರ ಹೆಸರಲ್ಲಿ ಮುದ್ದೆ ಊಟ ಇದೆ, ಲಿಂಗಾಯತರ ಹೆಸರಲ್ಲಿ ಖಾನಾವಳಿ ಇದೆ. ಈಗ ಎಲ್ಲಿದೆ ಜಾತಿ, ಹೋಟೆಲಲ್ಲಿ ಯಾರು ಜಾತಿ ಕೇಳ್ತಾರೆ ಅಂತಾರೆ. ಕೇಳೋ ಅಗತ್ಯವೇ ಇಲ್ಲವಲ್ಲ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ದೀಪ ಹಾಕಿದ್ದಾರೆ! ಇಷ್ಟು ದೊಡ್ಡ ನಗರದ ತಿಂಡಿ ನಕ್ಷೆಯಲ್ಲಿ ಹೊಲೆಯರ ಖಾನಾವಳಿ, ಮಾದಿಗರ ಮಿಲಿಟರಿ ಹೋಟೆಲ್ ಅಂತ ಒಂದು ಬೋರ್ಡು ತೋರಿಸಿ ನೋಡೋಣ. ಅಂಥ ಬೋರ್ಡು ಹಾಕುವ ಧೈರ್ಯ ಯಾರಿಗಿದೆ, ಹಾಕಿದರೆ ಒಳಗೆ ಬಂದು ಕೂರುವ ಧೈರ್ಯ ಯಾವ ಜೋಡಿಗಿದೆ? ಅಡಿಗೆ ಮನೆಯ ಒಳಗೆ, ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ, ಬೆಳಿಗ್ಗೆ ಕಸ ಎತ್ತುವ ಗಾಡಿಯ ಹಿಂದೆ ನಮ್ಮವರು ಇದ್ದಾರೆ. ಬೋರ್ಡಿನಲ್ಲಿ ಮಾತ್ರ ಇಲ್ಲ.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಮಾತನ್ನು ಹೆಸರಿಟ್ಟು ಹೇಳುತ್ತೆ. ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವ ಹಾಗಿಲ್ಲ. ಇಷ್ಟು ಬಿಡಿಸಿ ಯಾಕೆ ಬರೆಯಬೇಕಾಯ್ತು? ತಿನ್ನುವ ಕುಡಿಯುವ ಜಾಗವೇ ಈ ದೇಶದಲ್ಲಿ ಜಾತಿಯ ಕಾವಲು ಠಾಣೆ ಅನ್ನುವುದು ಅದನ್ನು ಬರೆದವರಿಗೆ ಗೊತ್ತಿತ್ತು. 1927ರಲ್ಲಿ ಮಹಾಡದ ಚವದಾರ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರ ಜತೆ ಇಳಿದದ್ದು ಒಂದು ಬೊಗಸೆ ನೀರು ಕುಡಿಯುವುದಕ್ಕೆ. ನಮ್ಮ ಹಳ್ಳಿಗಳ ಚಹಾ ಅಂಗಡಿಗಳಲ್ಲಿ ಎರಡು ಲೋಟದ ಪದ್ಧತಿ ನಡೆದುಕೊಂಡು ಬಂದದ್ದು ಯಾರಿಗೆ ಗೊತ್ತಿಲ್ಲ? ಊರಿನವರಿಗೆ ಗಾಜಿನ ಲೋಟ, ಕೇರಿಯವರಿಗೆ ತೆಂಗಿನ ಚಿಪ್ಪು. ಆಮೇಲೆ ಚಿಪ್ಪು ಹೋಗಿ ಪ್ಲಾಸ್ಟಿಕ್ ಲೋಟ ಬಂತು. ಕುಡಿದು ಬಿಸಾಕಿ, ತೊಳೆಯೋ ಮೈಲಿಗೆಯೂ ಬೇಡ ಅಂದರು. ಇದೂ ಸ್ಥಳೀಯ ರುಚಿಯೇ. ಯಾವ ಪುರವಣಿ ಇದನ್ನು ಶೋಧಿಸುತ್ತೆ?

ಇನ್ನು ತಟ್ಟೆಯೊಳಗಿನ ಮಾತು. ದನದ ಬಾಡು, ಹಂದಿ ಬಾಡು, ನೆತ್ತರ ಪಲ್ಯ, ಕರುಳು ಬೋಟಿ, ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆ ಇಟ್ಟುಕೊಂಡ ತುಂಡುಗಳು. ಹಸಿವು ಕಲಿಸಿದ ಅಡಿಗೆ ಇದು. ಊರಿನವರು ಬೇಡವೆಂದು ಎಸೆದದ್ದನ್ನು ನಮ್ಮ ಅವ್ವಂದಿರು ಮೆಣಸಿನಕಾಯಿ, ಹುಣಸೆಹುಳಿಗಳಲ್ಲಿ ಕುದಿಸಿ ರುಚಿ ಮಾಡಿದರು. ಇದಕ್ಕಿಂತ ಸ್ಥಳೀಯವಾದದ್ದು ಈ ನೆಲದಲ್ಲಿ ಇನ್ನೇನಿದೆ? ಆದರೆ ಪುರವಣಿಯ ಜೋಡಿ ಶಿವಾಜಿನಗರಕ್ಕೆ ಹೋದರೂ ರಸೆಲ್ ಮಾರ್ಕೆಟ್ಟಿನ ಹೂವು ಹಣ್ಣಿನ ಫೋಟೋ ತೆಗೆದು ವಾಪಸು ಬರುತ್ತೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅಲ್ಲಿನ ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕುಗಳ ಜತೆ ಮಾಂಸಾಹಾರವನ್ನೂ ಒಂದೇ ಸಾಲಿನಲ್ಲಿ ಕೂರಿಸಿ ನಿಷೇಧ ಹಾಕಿದ್ದರು. ಬಾಡೂಟದ ಜಿಲ್ಲೆಯಲ್ಲೇ ಬಾಡು ಮೈಲಿಗೆ! ಜನ ಬೀದಿಗೆ ಬಂದು ಕೇಳಿದರು, ನಮ್ಮ ಊಟ ಯಾವಾಗ ಅಮಲು ಪದಾರ್ಥವಾಯ್ತು ಅಂತ. ಆ ಪ್ರಶ್ನೆ ಇನ್ನೂ ಅಲ್ಲೇ ನಿಂತಿದೆ.

ಈಗ ಲೋಟಕ್ಕೆ ಬರೋಣ. ಬೆಂಗಳೂರಿಗೆ ಬಿಯರ್ ಬಂದದ್ದು ಬಂದೂಕಿನ ಹಿಂದೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. ದಂಡಿನ ಬಿಳಿ ಸಿಪಾಯಿಯ ಗಂಟಲಿಗೆ ಬಿಯರ್ ಬೇಕಾಯ್ತು. ದಕ್ಷಿಣದ ಹಳೆಯ ಬ್ರೂವರಿಗಳನ್ನು ಒಟ್ಟುಮಾಡಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯ್ತು. ಸ್ವಾತಂತ್ರ್ಯ ಬಂದಾಗ ಬಿಳಿಯರು ಹೋದರು, ಕಂಪನಿ ವಿಠಲ ಮಲ್ಯರ ಕೈಗೆ ಬಂತು. ಗ್ರಾಂಟ್ ರಸ್ತೆ ವಿಠಲ ಮಲ್ಯ ರಸ್ತೆಯಾಯ್ತು. ಬಿಯರ್ ಕಾಯಿಸಿದವರಿಗೆ ನಗರದ ನಡುಮಧ್ಯೆ ರಸ್ತೆಯ ಗೌರವ. ಈಚಲು ಮರ ಹತ್ತಿ ಹೆಂಡ ಇಳಿಸಿದವನಿಗೆ, ಕೇರಿಯಲ್ಲಿ ಭಟ್ಟಿ ಹಾಕಿದವನಿಗೆ ಪೊಲೀಸು ಲಾಠಿಯ ಗೌರವ. ಎರಡೂ ಹುಳಿ ಹಿಡಿದ ನೀರೇ ಅಲ್ಲವೇ?

2007ರ ಜುಲೈ 1ರಿಂದ ಈ ರಾಜ್ಯದಲ್ಲಿ ಸಾರಾಯಿ ನಿಂತಿತು. ಈಚಲು ಹೆಂಡ ಅದಕ್ಕೂ ಕೆಲವು ವರ್ಷ ಮೊದಲೇ ಬಹುಪಾಲು ಜಿಲ್ಲೆಗಳಲ್ಲಿ ನಿಂತಿತ್ತು. ಸಾರಾಯಿ ಹೋದದ್ದಕ್ಕೆ ನಾವು ಅಳುವವರಲ್ಲ. ಆ ಪ್ಯಾಕೆಟ್ಟು ನಮ್ಮ ಕೇರಿಗಳ ಎಷ್ಟು ಗುಡಿಸಲುಗಳನ್ನು ತಿಂದಿತು ಅನ್ನುವ ಲೆಕ್ಕ ನಮಗೆ ಗೊತ್ತು. ದಲಿತ ಚಳವಳಿ ಹೆಂಡಕ್ಕೆ ಬದಲು ವಸತಿ ಶಾಲೆ ಕೇಳಿದ್ದು ಸುಮ್ಮನೆ ಅಲ್ಲ. ಆದರೆ ಸಾರಾಯಿ ಹೋದ ಜಾಗಕ್ಕೆ ಬಂದದ್ದೇನು? ಶಾಲೆಯಲ್ಲ, ಅಗ್ಗದ ವಿಸ್ಕಿಯ 90 ಎಂ.ಎಲ್. ಪೊಟ್ಟಣ. ಕೂಲಿಯವನ ಕುಡಿತ ನಿಲ್ಲಲಿಲ್ಲ, ದುಬಾರಿಯಾಯ್ತು ಅಷ್ಟೆ. ಇದಾದ ಮೂರ್ನಾಲ್ಕು ವರ್ಷಕ್ಕೇ ಅದೇ ಸರ್ಕಾರಿ ಇಲಾಖೆ ಪಬ್ಬಿನೊಳಗೇ ಬಿಯರ್ ಕಾಯಿಸುವುದಕ್ಕೆ ಹೊಸ ಪರವಾನಗಿ ಕೊಟ್ಟಿತು. ಕೇರಿಯಲ್ಲಿ ಹಂಡೆ ಇಟ್ಟರೆ ಭಟ್ಟಿ, ಕ್ರಿಮಿನಲ್ ಕೇಸು. ಇಂದಿರಾನಗರದಲ್ಲಿ ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆ ಇಟ್ಟರೆ ಅದು ಕಲೆ, ಕುಶಲ ಕಸುಬು, ಪ್ರವಾಸೋದ್ಯಮ. ಒಂದು ಲೋಟಕ್ಕೆ ಮುನ್ನೂರು ನಾನೂರು ರೂಪಾಯಿ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಬ್ಬನ ಒಂದು ಲೋಟ ಇನ್ನೊಬ್ಬಳ ಒಂದು ಹಗಲು. ಇದೇ ಈ ನಗರದ ನಿಜವಾದ ರೇಟು ಪಟ್ಟಿ.

ಈಗ ಸ್ಥಳೀಯತೆಯ ಹೆಸರಲ್ಲಿ ರಾಗಿ ಬಿಯರ್ ಕೂಡಾ ಬಂದಿದೆ. ಬರಲಿ. ಬಾರ್ಲಿ ಬರುವುದು ರಾಜಸ್ಥಾನ, ಹರಿಯಾಣಗಳ ಕಡೆಯಿಂದ, ಹಾಪ್ಸ್ ಹೂವು ಬರುವುದು ಜರ್ಮನಿ, ಅಮೆರಿಕಾಗಳಿಂದ. ನಮ್ಮದು ಅಂತ ಹೇಳಿಕೊಳ್ಳಲು ಒಂದು ಹಿಡಿ ರಾಗಿ ಬೇಕಾಯ್ತು. ಕೂಲಿಯ ಅನ್ನ, ಕಪ್ಪು ಅನ್ನ ಅಂತ ಇದೇ ರಾಗಿಯನ್ನು ಮೂಗು ಮುರಿದು ನೋಡಿದವರು ಈಗ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟು ಬಡವರ ಹೊಟ್ಟೆ ತುಂಬಿಸಿದ ವಿಜ್ಞಾನಿ ಲಕ್ಷ್ಮಣಯ್ಯನವರ ಹೆಸರು ಯಾವ ಲೋಟದ ಮೇಲಿದೆ? ರಾಗಿಯಲ್ಲಿ ಸಂಕರ ಆದರೆ ಇಳುವರಿ ಹೆಚ್ಚುತ್ತೆ ಅಂತ ಒಪ್ಪುವ ಈ ಜನ, ಮನುಷ್ಯರಲ್ಲಿ ಸಂಕರ ಆದರೆ ಮಚ್ಚು ಹಿಡಿಯುತ್ತಾರೆ. ಜಾತಿ ಮೀರಿ ಮದುವೆಯಾದ ಜೋಡಿಗೂ ವಾರಾಂತ್ಯ ಇರುತ್ತೆ, ನಗರಕ್ಕೆ ಓಡಿ ಬರುವುದು ಅವರೂ ಮಾಡುತ್ತಾರೆ. ಜೀವ ಉಳಿಸಿಕೊಳ್ಳುವುದಕ್ಕೆ!

ಗೆಳೆಯರೇ, ಸಂವಿಧಾನದಲ್ಲಿ ಅಕ್ಕಪಕ್ಕದಲ್ಲೇ ಮೂರು ವಿಧಿಗಳಿವೆ: 46, 47, 48. ಮೂರೂ ಸರ್ಕಾರಕ್ಕೆ ಹೇಳಿದ ಮಾತುಗಳು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯೆ, ಬದುಕುಗಳನ್ನು ಎತ್ತಬೇಕು, ಶೋಷಣೆಯಿಂದ ಕಾಪಾಡಬೇಕು ಅಂತ 46 ಹೇಳುತ್ತೆ. ಜನರಿಗೆ ಪೌಷ್ಟಿಕ ಆಹಾರ ಸಿಗಬೇಕು, ಅಮಲು ಪಾನೀಯಗಳ ನಿಷೇಧಕ್ಕೆ ಯತ್ನಿಸಬೇಕು ಅಂತ 47. ಹಸು, ಕರು, ಹಾಲು ಕೊಡುವ ಮತ್ತು ಉಳುವ ದನಗಳ ವಧೆ ತಡೆಯಬೇಕು ಅಂತ 48. ನಮ್ಮ ಸರ್ಕಾರಗಳಿಗೆ ಇವುಗಳಲ್ಲಿ ಯಾವುದು ಕಣ್ಣಿಗೆ ಬಿತ್ತು? 48ಕ್ಕೆ ಕಾಯ್ದೆ ಬಂತು. 2020ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ, 2021ರ ಫೆಬ್ರವರಿಯಲ್ಲಿ ಪರಿಷತ್ತಿನಲ್ಲಿ ಪಾಸಾಯ್ತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟರೆ ಬೇರೆ ಯಾವ ದನ ಕಡಿದರೂ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. 2023ರಲ್ಲಿ ಸರ್ಕಾರ ಬದಲಾಯ್ತು, ಅದರ ಜತೆ ಕಾಯ್ದೆ ಹೋಗಲಿಲ್ಲ. 47ರ ಕತೆ ಏನಾಯ್ತು? 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟರು. ಅದೇ ಬಜೆಟ್ಟಿನಲ್ಲಿ 46ರ ಹೆಸರಲ್ಲಿ ಪರಿಶಿಷ್ಟರ ಉಪಯೋಜನೆಗಳಿಗೆ ಬರೆದದ್ದು 42 ಸಾವಿರ ಕೋಟಿ ಚಿಲ್ಲರೆ. ಆ ಹಣದಲ್ಲೂ ಒಂದು ಪಾಲು ಎಲ್ಲರಿಗೂ ಕೊಡುವ ಗ್ಯಾರಂಟಿಗಳಿಗೆ ಹರಿಯಿತು. ಕುಡಿಸಿ ಎತ್ತಿದ್ದೆಷ್ಟೋ, ಉದ್ಧಾರ ಮಾಡ್ತೀವಿ ಅಂತ ಬರೆದದ್ದೂ ಹೆಚ್ಚುಕಮ್ಮಿ ಅಷ್ಟೇ. ಈ ಕೈಯಲ್ಲಿ ಕಿತ್ತುಕೊಂಡು ಆ ಕೈಯಲ್ಲಿ ತೋರಿಸೋದಕ್ಕೆ ಉದ್ಧಾರ ಅಂತಾರೇನ್ರಪ್ಪಾ?

ಅಂದರೆ ತಿಂದರೆ ಜೈಲು, ಕುಡಿದರೆ ಖಜಾನೆ. ಪೌಷ್ಟಿಕವಾದದ್ದು ಅಪರಾಧ, ಅಮಲು ಆದಾಯ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಲ್ಲಿಸಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಹೊಲ ಗದ್ದೆಯಲ್ಲಿ ದುಡಿಯುವ ಹೆಂಗಸರು, ಕಾಲಲ್ಲಿ ಬೊಬ್ಬೆ ಎದ್ದವರು. ಅವರದೂ ನಗರ ಪ್ರವಾಸವೇ. ಅವರಿಗೆ ಈ ನಗರ ಯಾವ ರುಚಿ ತೋರಿಸಿತು?

ಇನ್ನು ನೀರು. ಕಾವೇರಿಯನ್ನು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಬೆಟ್ಟದೆತ್ತರಕ್ಕೆ ಎತ್ತಿ ಈ ನಗರಕ್ಕೆ ತರುತ್ತಾರೆ. ಒಂದು ಲೀಟರ್ ಬಿಯರ್ ಆಗುವುದಕ್ಕೆ ತೊಳೆಯುವುದು, ತಣಿಸುವುದು ಎಲ್ಲ ಸೇರಿ ನಾಲ್ಕೈದು ಲೀಟರಿಗೂ ಹೆಚ್ಚು ನೀರು ಖರ್ಚು. 2024ರ ಬೇಸಿಗೆಯಲ್ಲಿ ಇದೇ ನಗರದಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5 ಸಾವಿರ ದಂಡ ಅಂತ ಆಜ್ಞೆಯಾಗಿತ್ತು. ಕೊಳೆಗೇರಿಯ ಹೆಂಗಸರು ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದರು. ನೊರೆ ಮಾತ್ರ ಎಲ್ಲೂ ಇಳಿದ ಹಾಗೆ ಕಾಣಲಿಲ್ಲ.

ಬಿಯರ್ ಬಸಿದ ಮೇಲೆ ಉಳಿಯುವ ಬಾರ್ಲಿಯ ಹೊಟ್ಟು ಹೈನು ದನಗಳಿಗೆ ಮೇವಾಗುತ್ತೆ. ನಮ್ಮ ಮಾತಲ್ಲಿ ಅದು ಬೂಸಾ. ಈ ಮಾತು ನಮಗೆ ಹೊಸದಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದದ್ದಕ್ಕೆ ನಾಡೇ ಮೈಮೇಲೆ ಬಿದ್ದಿತು. ದಲಿತ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು, ಮಂತ್ರಿ ಕುರ್ಚಿ ಬಿಡಬೇಕಾಯ್ತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಅಂದ ಮಂತ್ರಿಯೂ ಅವರೇ. ಈಗ ಆ ಬೂಸಾದ ದಾರಿ ನೋಡಿ. ಸಾರ ಹೀರಿದ ಮೇಲೆ ಉಳಿದದ್ದು ನಗರದ ಅಂಚಿನ ಹಳ್ಳಿಯ ಹಸುವಿಗೆ. ಹಸು ಹಾಲು ಕೊಡುತ್ತೆ, ಹಾಲು ನಗರಕ್ಕೆ ವಾಪಸು. ಹಸುವಿಗೆ ವಯಸ್ಸಾಗಿ ಕೆಚ್ಚಲು ಒಣಗಿದಾಗ ಸಾಕಿದ ಬಡವಿ ಅದನ್ನು ಕಸಾಯಿಗೆ ಮಾರುವ ಹಾಗಿಲ್ಲ. ಅದನ್ನು ತಿಂದು ಬದುಕಿದ ಕೇರಿಯವನು ತಿನ್ನುವ ಹಾಗಿಲ್ಲ. ಸತ್ತರೆ ಮಾತ್ರ ಎಳೆದು ಹಾಕೋಕೆ ಬಾರೋ ಅಂತ ಅವನಿಗೇ ಕರೆ. ಸಾರ ಒಬ್ಬರಿಗೆ, ಬೂಸಾ ಒಬ್ಬರಿಗೆ, ಹೆಣ ಒಬ್ಬರಿಗೆ. ಚಾತುರ್ವರ್ಣ್ಯ ಇದಕ್ಕಿಂತ ಚೆನ್ನಾಗಿ ಎಲ್ಲಿ ನಡೆದೀತು?

ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಕು ಹರಿಯುವಾಗ ಇನ್ನೊಂದು ಜೋಡಿ ಅದೇ ರಸ್ತೆಗೆ ಇಳಿಯುತ್ತೆ. ಅವಳ ಕೈಯಲ್ಲಿ ಪೊರಕೆ, ಅವನು ಕಸದ ಆಟೋದ ಮೇಲೆ. ಒಡೆದ ಗಾಜು, ಬಿರಿಯಾನಿಯ ಮೂಳೆ, ವಾಂತಿ, ಎಲ್ಲವನ್ನೂ ಬಳಿದು ನಗರವನ್ನು ಮುಂದಿನ ಶನಿವಾರಕ್ಕೆ ಸಜ್ಜು ಮಾಡುವವರು ಇವರು. ಪೌರಕಾರ್ಮಿಕರಲ್ಲಿ ಬಹುಪಾಲು ನಮ್ಮವರೇ ಅನ್ನುವುದಕ್ಕೆ ಯಾವ ಸರ್ವೆಯೂ ಬೇಕಿಲ್ಲ. ಈ ಜೋಡಿಗೆ ವಾರಾಂತ್ಯ ಯಾವತ್ತು? ಇವರು ಬೆವರು ಒರೆಸಿಕೊಂಡು ಅದೇ ಹೋಟೆಲಿನ ಮುಂದಿನ ಮೇಜಿಗೆ ಕೂತರೆ ಪಕ್ಕದ ಕುರ್ಚಿ ಎಷ್ಟು ದೂರ ಸರಿಯುತ್ತೆ?

ನಾವು ಕೇಳುವುದು ಬಹಳವಿಲ್ಲ. ದನದ ಬಾಡಿನ ಮೇಲಿನ ಕಾಯ್ದೆಯನ್ನು ತೆಗೆಯಿರಿ. ಅಬಕಾರಿ ಹಣದಲ್ಲಿ ಮೊದಲ ಪಾಲು ಕುಡಿತದಿಂದ ಕೆಟ್ಟ ಕೇರಿಯ ಹೆಂಗಸರಿಗೆ, ಮಕ್ಕಳ ವಸತಿ ಶಾಲೆಗೆ ಹೋಗಲಿ. ಪರಿಶಿಷ್ಟರ ಹಣ ಪರಿಶಿಷ್ಟರಿಗೇ ಮುಟ್ಟಲಿ. ಹಂಡೆ ಇಟ್ಟವರು ಬಳಸಿದ ನೀರಿನ ಲೆಕ್ಕವನ್ನು ಬಾಗಿಲಲ್ಲಿ ಬರೆದು ಹಾಕಲಿ. ರಸ್ತೆ ಗುಡಿಸುವವರಿಗೆ ಕಾಯಂ ಕೆಲಸ, ವಾರಕ್ಕೊಂದು ಪೂರ್ತಿ ರಜೆ ಸಿಗಲಿ. ಹೋಟೆಲಿನ ಬೋರ್ಡಿನಿಂದ ಜಾತಿ ಇಳಿಯಲಿ. ಇಳಿಸಲು ಆಗದಿದ್ದರೆ ನಮ್ಮ ಜಾತಿಯ ಬೋರ್ಡನ್ನೂ ನಾವು ಏರಿಸುತ್ತೇವೆ. ಅದೇ ರಸ್ತೆಯಲ್ಲಿ, ಅದೇ ಎತ್ತರದಲ್ಲಿ, ಅದೇ ದಪ್ಪ ಅಕ್ಷರದಲ್ಲಿ.

ಆವತ್ತು ಬನ್ನಿ, ಜೋಡಿಯಾಗಿ ಬನ್ನಿ. ನೆಲದ ಮೇಲೆ ಪಂಕ್ತಿ ಹಾಕುತ್ತೇವೆ. ಮೊದಲ ಪಂಕ್ತಿ, ಎರಡನೇ ಪಂಕ್ತಿ ಅಂತ ಇರುವುದಿಲ್ಲ. ಲೋಟವೂ ಎರಡು ಥರ ಇರುವುದಿಲ್ಲ. ಉಣ್ಣುವ ಗುಂಡಿಗೆ ಇದ್ದರೆ ಆಮೇಲೆ ಸ್ಥಳೀಯ ರುಚಿಯ ಮಾತಾಡೋಣ.