ಹಳೆ ಯೆಜ್ಡಿ: ಕೊಳ್ಳೂಣೋ, ಬ್ಯಾಡೋ?



ಈ ಸಲ ತೊಗರಿ ದರದ ಮೇಲೆ ಬರೆಯಬೇಕೆಂದು ಕುಂತಿದ್ದೆ. ಆದರೆ ಒಂದು ತಿಂಗಳಿಂದ ನನ್ನ ತಲೆಯೊಳಗೆ ಒಂದು ಫಟಫಟಿ ಹೊಕ್ಕು ಕುಂತದ. ಅದನ್ನು ಹೊರಗೆ ಹಾಕದೆ ಬೇರೆ ಬರೆಯಲಿಕ್ಕೆ ಆಗವಲ್ದು. ವಿಚಾರ ಮಾಡಿ ನೋಡಿದರೆ ಅದೂ ದರದ ಮಾತೇ ಆಯಿತು.

ಸಿಂದಗಿಯಲ್ಲಿ ಒಬ್ಬರ ಹತ್ತಿರ ಹಳೆಯ ಯೆಜ್ಡಿ ರೋಡ್‌ಕಿಂಗ್ ಮಾರಾಟಕ್ಕಿದೆ. 1983 ರ ಗಾಡಿ. ಹೊಸ ಬಣ್ಣ, ಕನ್ನಡಿಯಂಗ ಹೊಳೆಯುವ ಟಾಕಿ, ಎರಡೂ ಸೈಲೆನ್ಸರು ಬೆಳ್ಳಗೆ ಝಗಝಗ. ಕೇಳುವ ದರ 1,10,000 ರೂಪಾಯಿ. "ಇದು ಬರೇ ಗಾಡಿ ಅಲ್ರಿ ಯಜಮಾನ್ರ, ವಿಂಟೇಜ್ ಐತಿ" ಎಂದ ಮಾರುವ ಹುಡುಗ. ಜೊತೆಗೆ ಬಂದಿದ್ದ ನನ್ನ ಅಣ್ಣನ ಮಗ ಕಿವಿಯೊಳಗೆ, "ತಗೊಳ್ಳೂಣು ಕಾಕಾ, ಶ್ರಾವಣದಾಗ ಬಾಗೇವಾಡಿ ಜಾತ್ರಿಗೆ ಇದರ ಮ್ಯಾಲೇ ಹೋಗೂಣು" ಅಂದ.

ಆಸೆ ನನಗೂ ಆಯಿತು, ಸುಳ್ಳು ಯಾಕ ಹೇಳಲಿ? ನಮ್ಮಪ್ಪ ಎರಡು ಹೋರಿ ಮಾರಿ ಇಂಥದ್ದೇ ಒಂದು ಗಾಡಿ ತಂದಿದ್ದ. ನಾನಾಗ ಊರ ಹೈಸ್ಕೂಲಿನಲ್ಲಿದ್ದೆ. 1980 ರ ಜುಲೈ 21 ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರು ಆದ ಮೇಲೆ ಸಂಘದ ಮಾತು ಊರೂರಿಗೆ ಹಬ್ಬಿದ ಕಾಲ ಅದು. ಹಸಿರು ಶಾಲಿನವರು ಮುದ್ದೇಬಿಹಾಳದ ಕಡೆಯಿಂದ ಬರುವಾಗ ಅಗಸಿಯೊಳಗೆ ಆ ಸಪ್ಪಳ ಕೇಳಿದರೆ ಸಾಕು, ಸಭೆಗೆ ಡಂಗುರ ಹೊಡೆಯುವ ಕೆಲಸವೇ ಇರಲಿಲ್ಲ.

ಈ ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961 ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ತಯಾರು ಮಾಡುತ್ತಿತ್ತು. 1996 ರಲ್ಲಿ ಬಾಗಿಲು ಹಾಕಿತು. ಬಿಡಿಭಾಗ ಸಿಗುವುದು ಕಷ್ಟವಾಯಿತು, ಅಪ್ಪನ ಗಾಡಿ ಕೊಟ್ಟಿಗೆ ಸೇರಿ ಕೋಳಿ ಕೂಡುವ ಜಾಗವಾಯಿತು. 2003 ರ ಬರದಲ್ಲಿ ಗುಜರಿಯವನು ಬಂದ, ತೂಕದ ಮೇಲೆ ಕೊಟ್ಟುಬಿಟ್ಟೆವು. ಒಟ್ಟು 1,400 ರೂಪಾಯಿ ಬಂತು. ಆರ್‌ಸಿ ಪುಸ್ತಕ ಅವನು ಕೇಳಲಿಲ್ಲ, ನಾವೂ ಕೊಡಲಿಲ್ಲ.

ನಾವು ಕಿಲೋ ಲೆಕ್ಕದಲ್ಲಿ ಮಾರಿದ ಸಾಮಾನು ಇಪ್ಪತ್ತು ವರ್ಷದ ಮೇಲೆ ಬಣ್ಣ ಬಳಿದುಕೊಂಡು ಲಕ್ಷದ ದರ ಹೇಳುತ್ತಾ ನಮ್ಮ ಮುಂದೆಯೇ ನಿಂತದ! ತೊಗರಿಯ ಹಣೆಬರಹ ಇದಕ್ಕಿಂತ ಬೇರೆ ಏನಿದೆ? 2024 ರಲ್ಲಿ ಕ್ವಿಂಟಲಿಗೆ ಹತ್ತು ಸಾವಿರ ದಾಟಿದ್ದ ತೊಗರಿ 2025 ರ ಸುಗ್ಗಿಗೆ 7,550 ರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ರಾಜ್ಯ ಸರಕಾರ 450 ಕೂಡಿಸಿ 8,000 ಕ್ಕೆ ಖರೀದಿ ಮಾಡಬೇಕಾಯಿತು. ಅದೇ ತೊಗರಿ ಬೇಳೆಯಾಗಿ ಅಂಗಡಿಗೆ ಬಂದಾಗ ದರ ಹೇಳುವವರು ಬೇರೆಯವರು. ಮಾರುವಾಗಲೂ ಅವರ ದರ, ಕೊಳ್ಳುವಾಗಲೂ ಅವರ ದರ.

ಅದಕ್ಕೇ ನಾನು ಈ ಗಾಡಿಯನ್ನು ತೊಗರಿಯಲ್ಲಿ ತೂಗಿ ನೋಡಿದೆ. 2025-26 ರ ಬೆಂಬಲ ಬೆಲೆ 8,000. ಆ ದರ ಕೈಗೆ ಸಿಕ್ಕರೂ 1,10,000 ಅಂದರೆ ಪೂರಾ 13 ಕ್ವಿಂಟಲ್ 75 ಕಿಲೋ. ನನ್ನ ಒಣಬೇಸಾಯದಲ್ಲಿ ಎಕರೆಗೆ 4 ಕ್ವಿಂಟಲ್ ಬಂದರೆ ಒಳ್ಳೆಯ ವರ್ಷ. ಮೂರೂವರೆ ಎಕರೆಯ ಬೆಳೆ, ಬೀಜ ಗೊಬ್ಬರ ಕೂಲಿ ಏನೂ ಕಳೆಯದೆ, ಆ ಸೀಟಿನ ಮೇಲೆ ಕೂಡುತ್ತದೆ.

ಇನ್ನು ಆ 'ವಿಂಟೇಜ್' ಅನ್ನುವ ಮಾತು. ಕೇಂದ್ರ ಸರಕಾರ 2021 ರ ಜುಲೈಯಲ್ಲಿ ಇದಕ್ಕೆ ನಿಯಮ ಮಾಡಿದೆ. ಗಾಡಿಗೆ 50 ವರ್ಷ ದಾಟಿರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ. ಅದು ಸಿಕ್ಕ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಎಣ್ಣೆ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬೇಕು, ದಿನಾ ಓಡಿಸುವಂತಿಲ್ಲ. 1983 ರ ಗಾಡಿಗೆ 50 ತುಂಬುವುದು 2033 ಕ್ಕೆ. ಹುಡುಗನ ವಿಂಟೇಜು ದರಕ್ಕಷ್ಟೇ ವಿಂಟೇಜು, ಕಾನೂನಿಗೆ ಅದು ಬರೇ ಹಳೆ ಗಾಡಿ. ಒಂದು ವೇಳೆ ನಿಜವಾದ ವಿಂಟೇಜೇ ಸಿಕ್ಕಿತು ಅನ್ರಿ, ನಿಂಬೆಹಣ್ಣಿನ ಚೀಲ ಕಟ್ಟಿಕೊಂಡು ಇಂಡಿ ಪೇಟೆಗೆ ಹೋಗಲಿಕ್ಕೆ ಬರುವುದಿಲ್ಲ. ಮನೆಯಲ್ಲಿಟ್ಟು ಪೂಜೆ ಮಾಡಬೇಕು!

ಹಳೆ ಗಾಡಿ ಅಂದಮೇಲೆ ಹಳೆ ಗಾಡಿಯ ಕಾಗದ ಬೇಕು. 15 ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು. ದ್ವಿಚಕ್ರಕ್ಕೆ 300 ಇದ್ದ ಶುಲ್ಕ 2022 ರ ಏಪ್ರಿಲ್ 1 ರಿಂದ 1,000 ಆಯಿತು. 20 ವರ್ಷ ದಾಟಿದ ಗಾಡಿಗೆ 2025 ರ ಆಗಸ್ಟಿನಲ್ಲಿ 2,000 ಮಾಡಿದರು. ತಡವಾದರೆ ತಿಂಗಳಿಗೆ 300 ಬೇರೆ, ಅಂದರೆ ವರ್ಷಕ್ಕೆ 3,600. ಈ ಬಾಕಿ ಎಷ್ಟು ವರ್ಷದ್ದು ಎಂದು ಕೇಳದೆ ಮುಂಗಡ ಕೊಡಬೇಡಿರಿ. ನಾನು ನೋಡಿದ ಗಾಡಿಯ ನಂಬರು ಎಮ್‌ಎಚ್-13, ಸೊಲ್ಲಾಪುರದ್ದು. ಅಲ್ಲಿನ ಆಕ್ಷೇಪಣೆ ಇಲ್ಲ ಎನ್ನುವ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ ಕೆಎ-28 ಮಾಡಿಸಬೇಕು. ಕೈಬರಹದ ಹಳೆ ಆರ್‌ಸಿ ಪುಸ್ತಕ ತೋರಿಸಿದರೆ ಸಾಲದು, ಅದು ಕಂಪ್ಯೂಟರಿಗೆ ಏರಿದೆಯೋ ಇಲ್ಲವೋ ನೋಡಿರಿ. ಚಾಸಿಯ ಮೇಲೆ ಕೊರೆದ ನಂಬರನ್ನು ಬಗ್ಗಿ ಬೆರಳಾಡಿಸಿ ಓದಿರಿ. (ನಾನು ಓದಿದೆ. ನಮ್ಮಪ್ಪನದೇ ಇದ್ದೀತೇನೋ ಅಂತ ಒಂದು ಗಳಿಗೆ ಎದೆ ಹೊಡಕೊಂಡಿತು. ಅಲ್ಲ.)

ಕಾಗದದ ಮಾತು ಇಷ್ಟು ಉದ್ದ ಯಾಕೆಂದರೆ ಇದು ಹೊಲದ ತನಕ ಬರುತ್ತದೆ. ವಿಮೆ ಇಲ್ಲದ ಗಾಡಿಯಿಂದ ಒಬ್ಬರಿಗೆ ಅಪಘಾತವಾದರೆ ಪರಿಹಾರ ಗಾಡಿಯ ಮಾಲೀಕನ ತಲೆಗೆ. ಮೋಟಾರು ವಾಹನ ಕಾಯ್ದೆಯ 174 ನೇ ಕಲಮಿನ ಪ್ರಕಾರ ಆ ಹಣವನ್ನು ಜಿಲ್ಲಾಧಿಕಾರಿಗಳ ಮೂಲಕ ಕಂದಾಯ ಬಾಕಿಯಂತೆ ವಸೂಲು ಮಾಡಬಹುದು. ಕಂದಾಯ ಬಾಕಿ ಅಂದರೆ ಏನೆಂದು ಪಹಣಿ ಇದ್ದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾರಿದವನೂ ಪಾರಾಗುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಎಂದು 2018 ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 250 ಸಿಸಿ ಗಾಡಿಗೆ ಮೂರನೆಯವರ ವಿಮೆ 2022 ರಲ್ಲಿ ಗೊತ್ತು ಮಾಡಿದ ದರದಲ್ಲಿ ವರ್ಷಕ್ಕೆ 1,366 ರೂಪಾಯಿ, ಮೇಲೆ ತೆರಿಗೆ. ಇದರಲ್ಲಿ ಉಳಿತಾಯ ಮಾಡಬ್ಯಾಡ್ರಿ.

ಓಡಿಸುವ ಖರ್ಚು ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಸ್ಟ್ರೋಕಿನ ಎಂಜಿನ್, ಲೀಟರ್ ಪೆಟ್ರೋಲಿಗೆ 30-40 ಮಿಲಿ ಆಯಿಲ್ ಕೂಡಿಸಬೇಕು, 30 ಕಿಲೋಮೀಟರ್ ಕೊಟ್ಟರೆ ಪುಣ್ಯ. ನೂರು ಸಿಸಿಯ ಸಾದಾ ಗಾಡಿ ಅದರ ಎರಡು ಪಟ್ಟು ಓಡುತ್ತದೆ. ಜಾವಾ ಹೆಸರು 2018 ರಲ್ಲಿ, ಯೆಜ್ಡಿ ಹೆಸರು 2022 ರಲ್ಲಿ ಮತ್ತೆ ಪೇಟೆಗೆ ಬಂದಿದೆ ಖರೆ. ಆದರೆ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಎಂಜಿನ್, ಅದರ ಸಾಮಾನು ಇದಕ್ಕೆ ಕೂಡುವುದಿಲ್ಲ.

ಹಾಗಾದರೆ ಹಳೆಯದನ್ನು ಯಾರೂ ಕೊಳ್ಳಬಾರದೇನು? ಹಾಗೆ ನಾನು ಹೇಳುವುದಿಲ್ಲ. ರೈತನಿಗೆ ಆಸೆ ಇರಬಾರದು, ಅವನು ಎತ್ತಿನಂಗ ದುಡಿದು ಮಲಗಬೇಕು ಅನ್ನುವವರ ಮಾತು ನನಗೆ ಸೇರುವುದಿಲ್ಲ. ಪೇಟೆಯವನು ಚಂದಕ್ಕೆ ಹಳೆ ಗಾಡಿ ಇಟ್ಟರೆ ಅಭಿರುಚಿ, ನಾವಿಟ್ಟರೆ ದುಂದುಗಾರಿಕೆ ಹ್ಯಾಂಗಾದೀತು? ದ್ರಾಕ್ಷಿಗೋ ನಿಂಬೆಗೋ ದರ ಸಿಕ್ಕು, ಸಾಲ ತೀರಿ, ಕೈಯಲ್ಲಿ ಹಣ ಉಳಿದವರು ಧಾರಾಳವಾಗಿ ಕೊಳ್ಳಲಿ. ನನ್ನ ತಕರಾರು ಸಾಲದ್ದು. ನಮ್ಮ ಹುಡುಗ ಹೇಳಿದ್ದು ಕೇಳ್ರಿ: "ಸೊಸೈಟಿಯ ಬೆಳೆಸಾಲಕ್ಕ ಬಡ್ಡಿ ಇಲ್ಲಲ್ಲ ಕಾಕಾ, ಅದರಾಗ ತಗೊಳ್ಳೂಣು." 2023 ರ ಬಜೆಟ್ಟಿನಲ್ಲಿ ಬಡ್ಡಿರಹಿತ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದ್ದು ನಿಜ. ಬಡ್ಡಿ ಇಲ್ಲದ್ದು ಗಡುವಿನೊಳಗೆ ತೀರಿಸಿದವನಿಗೆ ಮಾತ್ರ. ಬೀಜ ಗೊಬ್ಬರದ ದುಡ್ಡು ಗಾಡಿಗೆ ಹೋದರೆ ಬಿತ್ತಲಿಕ್ಕೆ ಖಾಸಗಿಯವರ ಬಾಗಿಲು ಬಡಿಯಬೇಕು. ಮೈಕ್ರೋ ಫೈನಾನ್ಸಿನ ಕಾಟಕ್ಕೆ 2025 ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೇ ಬರಬೇಕಾಯಿತು ಎನ್ನುವುದು ಮರೆಯುವ ಮಾತಲ್ಲ.

ಮಾರುವ ಹುಡುಗನಿಗೆ ನಾನು ಹೇಳಿ ಬಂದದ್ದು ಇಷ್ಟು: ಸೊಲ್ಲಾಪುರದ ಪತ್ರ ತಾ, ಆರ್‌ಸಿ ನವೀಕರಣ ಮಾಡಿಸು, ನನ್ನ ಹೆಸರಿಗೆ ಹಚ್ಚು, ಆ ದಿನ 45,000 ರೊಕ್ಕ ಎಣಿಸುತ್ತೇನೆ. ಸಾಲದ್ದಲ್ಲ, ಎಮ್ಮೆ ಮಾರಿದ್ದು. ಅವನು ನಕ್ಕ. ಇನ್ನೂ ಫೋನ್ ಬಂದಿಲ್ಲ. ಅಣ್ಣನ ಮಗ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ನಿಮ್ಮ ಕೊಟ್ಟಿಗೆಯಲ್ಲಿ ಇಂಥದ್ದೊಂದು ಇದ್ದರೆ ಗುಜರಿಯವನ ತಕ್ಕಡಿಗೆ ಏರಿಸುವ ಮೊದಲು ಟ್ರಂಕಿನಲ್ಲಿ ಆರ್‌ಸಿ ಹುಡುಕಿರಿ, ನಾಲ್ಕು ಜನರ ಹತ್ತಿರ ದರ ಕೇಳಿರಿ. ಮುರಿಯಲಿಕ್ಕೇ ಕೊಡುವುದಾದರೆ ಕಾಯ್ದೆಯ 55 ನೇ ಕಲಮಿನ ಪ್ರಕಾರ ನೋಂದಣಿ ರದ್ದು ಮಾಡಿಸಿರಿ. ನಾವು ಮಾಡಿಸಿರಲಿಲ್ಲ. ಅಪ್ಪನ ಹೆಸರಿನ ಪುಸ್ತಕ ಇನ್ನೂ ನಮ್ಮ ಮನೆಯಲ್ಲೇ ಇದೆ. ಬರುವ ಸೋಮವಾರ ಅದನ್ನೂ ಅಪ್ಪನ ಮರಣ ಪತ್ರವನ್ನೂ ಹಿಡಿದು ವಿಜಯಪುರಕ್ಕೆ ಹೊರಟಿದ್ದೇನೆ, ಬಸ್ಸಿನಲ್ಲಿ.